ಡೇನಿಯಲ್ ಬೂನ್ ಮನೆತನ: ಗಡಿನಾಡಿನ ವಂಶವೃಕ್ಷವನ್ನು ಓದುವುದು ಹೇಗೆ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಮಾಕ್ಸ್‌ವಿಲ್ ಎಂಬ ಊರಿದೆ. ಅಲ್ಲಿನ ಜೊಪ್ಪಾ ಸ್ಮಶಾನದಲ್ಲಿ ಒಂದು ಹಳೇ ಸಮಾಧಿ ಕಲ್ಲು ಇದೆ. ಅದನ್ನು ಕೆತ್ತಿದವರಿಗೆ ಕಾಗುಣಿತ ಅಷ್ಟಾಗಿ ಬರುತ್ತಿರಲಿಲ್ಲ. ಜನವರಿ ಎನ್ನುವುದನ್ನು ‘ಜೆನೆಯರಿ’ ಅನ್ನೋ ಹಾಗೆ, ಕಿವಿಗೆ ಕೇಳಿದಂತೆ ಕೆತ್ತಿಬಿಟ್ಟಿದ್ದಾರೆ. ಸ್ಕ್ವೈರ್ ಬೂನ್ ತನ್ನ 69ನೇ ವರ್ಷದಲ್ಲಿ, 1765ರ ಜನವರಿ 2ರಂದು ತೀರಿಕೊಂಡ ಎಂದು ಆ ಕಲ್ಲು ಹೇಳುತ್ತದೆ.

ಸರಿ, ಹಾಗಾದರೆ ಆತ ಹುಟ್ಟಿದ್ದು ಯಾವಾಗ? ಜನವರಿ 2ಕ್ಕೇ 69 ತುಂಬಿದ್ದರೆ ಹುಟ್ಟಿದ್ದು 1695ರಲ್ಲಿ ಆಗಬೇಕು. ಆದರೆ ಮನೆತನದ ದಾಖಲೆ 1696ರ ನವೆಂಬರ್ ಅನ್ನುತ್ತದೆ. ಯಾವುದು ತಪ್ಪು? ಎರಡೂ ಸರಿ. ನಾವು ‘ಅಜ್ಜನಿಗೆ 69 ತುಂಬಿತು’ ಅನ್ನುವುದಕ್ಕೂ ‘69 ನಡೀತಾ ಇದೆ’ ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ, ಅಷ್ಟೇ. ಕಲ್ಲಿನ ಮೇಲಿರುವುದು ‘69ನೇ ವರ್ಷದಲ್ಲಿ’ ಎಂದು. 68 ತುಂಬಿ 69 ನಡೆಯುತ್ತಿತ್ತು. ಒಂದು ಮಾತನ್ನು ಸರಿಯಾಗಿ ಓದಿದರೆ ಎರಡು ದಾಖಲೆಗಳ ಜಗಳ ಅಲ್ಲಿಗೇ ಮುಗಿಯಿತು.

ವಂಶಾವಳಿ ಹುಡುಕುವ ಕೆಲಸ ಬಹುಪಾಲು ಇಂಥದ್ದೇ. ಹೆಸರುಗಳ ಕೆಳಗೆ ಗೆರೆ ಎಳೆಯುತ್ತಾ ಹೋಗುವುದು ಸುಲಭ. ಪ್ರತಿ ಗೆರೆಗೂ ‘ಇದು ಗೊತ್ತಾಗಿದ್ದು ಎಲ್ಲಿಂದ?’ ಎಂದು ಕೇಳಿ, ಕಾಗದವೋ ಕಲ್ಲೋ ಕಂಡವರ ಮಾತೋ ಒಂದನ್ನು ತೋರಿಸುವುದು ಕಷ್ಟ. ಈ ಕಷ್ಟವನ್ನು ಬಿಡಿಸಿ ನೋಡಲು ಸ್ಕ್ವೈರ್ ಬೂನ್‌ನ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ಕ್ವೈರ್ ಎನ್ನುವುದು ಇಲ್ಲಿ ಬಿರುದಲ್ಲ, ಹೆಸರೇ ಹಾಗೆ. ಆತನ ಆರನೇ ಮಗು ಡೇನಿಯಲ್ ಬೂನ್. 1775ರಲ್ಲಿ ಅಪಲೇಷಿಯನ್ ಬೆಟ್ಟಸಾಲಿನ ಕಂಬರ್ಲೆಂಡ್ ಕಣಿವೆ ದಾರಿಯಲ್ಲಿ ಮರ ಕಡಿಸಿಕೊಂಡು ಹೋಗಿ ಕೆಂಟಕಿಗೆ ಹಾದಿ ಮಾಡಿದ ಬೇಟೆಗಾರ. ಅಮೆರಿಕದ ಗಡಿನಾಡು, ಅಂದರೆ ವಲಸೆ ಬಂದವರ ಊರುಗಳು ಮುಗಿದು ಕಾಡು ಶುರುವಾಗುವ ಅಂಚು, ಎಂದರೆ ಜನರಿಗೆ ಮೊದಲು ನೆನಪಾಗುವ ಹೆಸರು ಅದು.

ಮೊದಲು ಅಜ್ಜನಿಂದ ಶುರು ಮಾಡೋಣ. ಡೇನಿಯಲ್‌ನ ಅಜ್ಜ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬ್ರಾಡ್ನಿಂಚ್ ಎಂಬ ಊರಿನವನು. ಹಿರಿಯ ಮೂರು ಮಕ್ಕಳನ್ನು ಮುಂಚೆಯೇ ಅಮೆರಿಕಕ್ಕೆ ಕಳಿಸಿ, ತಾನು ಹೆಂಡತಿ ಮತ್ತು ಉಳಿದ ಮಕ್ಕಳ ಜೊತೆ 1717ರಲ್ಲಿ ಪೆನ್ಸಿಲ್ವೇನಿಯಾಗೆ ಬಂದ. ಮೊದಲು ಹೋದ ಮೂವರಲ್ಲಿ ಸ್ಕ್ವೈರ್ ಒಬ್ಬ. ಈ ಕುಟುಂಬ ಕ್ವೇಕರ್ ಪಂಗಡಕ್ಕೆ ಸೇರಿತ್ತು. ಪಾದ್ರಿ ಇಲ್ಲದೆ, ಎಲ್ಲರೂ ಮೌನವಾಗಿ ಕೂತು ಪ್ರಾರ್ಥನೆ ಮಾಡುವ ಕ್ರೈಸ್ತರು ಅವರು. ವಂಶ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಅದೃಷ್ಟ ಇಲ್ಲ, ಯಾಕೆಂದರೆ ಕ್ವೇಕರ್ ಸಭೆಗಳು ಎಲ್ಲವನ್ನೂ ಬರೆದಿಡುತ್ತಿದ್ದವು. ಹುಟ್ಟು, ಸಾವು, ಮದುವೆ, ತಪ್ಪು, ಕ್ಷಮೆ, ಎಲ್ಲ. ಯಾರಾದರೂ ಊರು ಬಿಟ್ಟರೆ ಆ ಊರಿನ ಸಭೆ ಒಂದು ಪತ್ರ ಕೊಡುತ್ತಿತ್ತು. ಹೊಸ ಊರಿನ ಸಭೆ ಅದನ್ನು ನೋಡಿ ತನ್ನ ಪುಸ್ತಕದಲ್ಲಿ ದಾಖಲು ಮಾಡಿಕೊಳ್ಳುತ್ತಿತ್ತು. ಮದುವೆಗೆ ಬಂದವರೆಲ್ಲ ಮದುವೆ ಪತ್ರಕ್ಕೆ ಸಹಿ ಹಾಕುವ ರೂಢಿಯೂ ಇತ್ತು. ಒಂದೇ ಹಾಳೆಯಲ್ಲಿ ಬಂಧುಬಳಗವೆಲ್ಲ ಸಿಕ್ಕಿಬಿಡುತ್ತದೆ.

ಅಜ್ಜ ಜಾರ್ಜ್ ತೀರಿಕೊಂಡಿದ್ದು 1744ರಲ್ಲಿ. ಆಗ ಉಳಿದಿದ್ದ ಸಂತಾನದ ಲೆಕ್ಕವನ್ನು ಮನೆಯವರೇ ಬರೆದಿಟ್ಟಿದ್ದಾರೆ: 8 ಮಕ್ಕಳು, 52 ಮೊಮ್ಮಕ್ಕಳು, 10 ಮರಿಮಕ್ಕಳು. ಒಟ್ಟು 70. ಈಜಿಪ್ಟಿಗೆ ಹೋದ ಯಾಕೋಬನ ಮನೆಯವರೂ ಅಷ್ಟೇ ಜನ ಎಂದು ಪಕ್ಕದಲ್ಲಿ ಬೈಬಲ್‌ನ ನೆನಪು ಬೇರೆ. ಈ ಸಾಲು ನನಗೆ ತುಂಬಾ ಇಷ್ಟ. ಮನೆಯ ಹಿರಿಯ ಹೋದ ದುಃಖದಲ್ಲೂ ಯಾರೋ ಕೂತು ಒಬ್ಬೊಬ್ಬರನ್ನೇ ಎಣಿಸಿದ್ದಾರೆ.

ಈಗ ಬೂನ್ ಅಡ್ಡಹೆಸರಿನ ಎಷ್ಟೋ ಅಮೆರಿಕನ್ನರು ‘ನಾವು ಡೇನಿಯಲ್‌ನ ವಂಶದವರು’ ಅಂದುಕೊಂಡಿರುತ್ತಾರೆ. ಆ 52 ಮೊಮ್ಮಕ್ಕಳನ್ನು ನೆನಪಿಟ್ಟುಕೊಂಡರೆ ಗೊಂದಲ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಡೇನಿಯಲ್ ಅವರಲ್ಲಿ ಒಬ್ಬ, ಅಷ್ಟೇ. ಆತನ ಗಂಡುಮಕ್ಕಳಲ್ಲಿ ವಂಶ ಮುಂದುವರಿಸಿದವರು ಮೂವರೇ: ಡೇನಿಯಲ್ ಮಾರ್ಗನ್, ಜೆಸ್ಸಿ ಮತ್ತು ನೇಥನ್. ಬೂನ್ ಎಂಬ ಹೆಸರು ತಂದೆಯಿಂದ ಮಗನಿಗೆ ಹಾಗೇ ಇಳಿದು ಬಂದಿದ್ದರೆ, ಮತ್ತು ಅದು ಡೇನಿಯಲ್‌ನಿಂದಲೇ ಬಂದಿದ್ದರೆ, ಈ ಮೂವರಲ್ಲಿ ಒಬ್ಬರನ್ನು ದಾಟಿಯೇ ಬರಬೇಕು. ಉಳಿದ ಬೂನ್‌ಗಳಲ್ಲಿ ತುಂಬಾ ಜನ ಆತನ ಅಣ್ಣತಮ್ಮಂದಿರ, ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯವರು. ಈ ಕುಟುಂಬಕ್ಕೆ ಸಂಬಂಧವೇ ಇಲ್ಲದ ಬೂನ್‌ಗಳೂ ಇದ್ದಾರೆ.

ಮತ್ತೆ ಸ್ಕ್ವೈರ್‌ಗೆ ಬರೋಣ. ಆತ ನೇಯ್ಗೆ ಮತ್ತು ಕಮ್ಮಾರಿಕೆ ಎರಡೂ ಬಲ್ಲವನು. 1720ರಲ್ಲಿ ಗ್ವಿನೆಡ್ ಎಂಬಲ್ಲಿನ ಸಭೆಯಲ್ಲಿ ಸಾರಾ ಮಾರ್ಗನ್‌ಳನ್ನು ಮದುವೆಯಾದ. ಆಕೆ ವೇಲ್ಸ್ ಮೂಲದ ಕ್ವೇಕರ್ ಮನೆಯ ಹುಡುಗಿ. ಹನ್ನೊಂದು ಮಕ್ಕಳಾದವು. 1742ರಲ್ಲಿ ಹಿರಿಮಗಳು ಪಂಗಡದ ಹೊರಗಿನವನನ್ನು ಮದುವೆಯಾದಳು. ಆಗಲೇ ಬಸುರಿಯಾಗಿದ್ದಳು. ಸ್ಕ್ವೈರ್ ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕಾಯಿತು. 1747ರಲ್ಲಿ ಹಿರಿಮಗ ಇಸ್ರೇಲ್ ಕೂಡ ಹೊರಗಿನವಳನ್ನೇ ಕೈಹಿಡಿದ. ಈ ಸಲ ತಂದೆ ಕ್ಷಮೆ ಕೇಳಲಿಲ್ಲ, ಮಗನ ಪರ ನಿಂತ. ಸಭೆ ಆತನನ್ನು ಹೊರಗೆ ಹಾಕಿತು. 1750ರಲ್ಲಿ ಕುಟುಂಬ ಪೆನ್ಸಿಲ್ವೇನಿಯಾ ಬಿಟ್ಟು ದಕ್ಷಿಣಕ್ಕೆ ಹೊರಟಿತು. ಕೊನೆಗೆ ನೆಲೆಯೂರಿದ್ದು ನಾರ್ತ್ ಕ್ಯಾರೊಲಿನಾದ ಯಾಡ್ಕಿನ್ ಹೊಳೆಯ ಬಯಲಿನಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. ಮನೆಯಲ್ಲಿ ಜಗಳ, ಅವಮಾನ ಆದಾಗಲೇ ಕಾಗದ ಜಾಸ್ತಿ ಹುಟ್ಟುತ್ತದೆ. ತಪ್ಪು ಮಾಡದ ಮಗಳ ಬಗ್ಗೆ ಸಭೆಯ ಪುಸ್ತಕದಲ್ಲಿ ಒಂದು ಸಾಲಿದ್ದರೆ, ತಪ್ಪು ಮಾಡಿದವಳ ಬಗ್ಗೆ ಹಲವು ಸಾಲು. ಆದರೆ ಹೊರಗೆ ಹಾಕಿದ ಮೇಲೆ, ಊರು ಬಿಟ್ಟ ಮೇಲೆ ಆ ಪುಸ್ತಕ ಸುಮ್ಮನಾಗಿಬಿಡುತ್ತದೆ. ಗಡಿನಾಡಿನ ಕಡೆ ಹೋದ ಬಹಳಷ್ಟು ಮನೆತನಗಳ ಜಾಡು ತಪ್ಪುವುದು ಹೀಗೆಯೇ, ಎತ್ತಿನ ಗಾಡಿ ಹೊರಟ ದಿನದಿಂದ.

ತಾರೀಖುಗಳ ಗೋಜಲು ಬೇರೆ ಇದೆ. ಡೇನಿಯಲ್ ಹುಟ್ಟಿದ್ದು 1734ರ ಅಕ್ಟೋಬರ್ 22 ಎಂದು ಒಂದು ಕಡೆ, ನವೆಂಬರ್ 2 ಎಂದು ಇನ್ನೊಂದು ಕಡೆ ಓದುತ್ತೀರಿ. ಎರಡೂ ಒಂದೇ ದಿನ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಹಳೇ ಕ್ಯಾಲೆಂಡರ್ ಬಿಟ್ಟು ಹೊಸದಕ್ಕೆ ಬಂದವು. ಆ ವರ್ಷ ಸೆಪ್ಟೆಂಬರ್ 2 ಆದ ಮಾರನೇ ದಿನ 14 ಬಂತು. ಹನ್ನೊಂದು ದಿನ ಕ್ಯಾಲೆಂಡರ್‌ನಿಂದಲೇ ಹೋಯಿತು. 22ಕ್ಕೆ 11 ಸೇರಿಸಿ, ನವೆಂಬರ್ 2 ಬರುತ್ತದೆ. ಹಳೇ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಡೇನಿಯಲ್‌ನ ಹೆಂಡತಿ ರೆಬೆಕಾಳ ಹುಟ್ಟಿದ ದಿನ, ಜನವರಿ 9, ಆಗಿನವರಿಗೆ 1738, ನಮ್ಮ ಲೆಕ್ಕಕ್ಕೆ 1739. ಅದಕ್ಕೇ ತಿಳಿದವರು ಅದನ್ನು 1738/39 ಎಂದು ಬರೆಯುತ್ತಾರೆ. ಕ್ವೇಕರ್‌ಗಳು ತಿಂಗಳ ಹೆಸರನ್ನೂ ಬರೆಯುತ್ತಿರಲಿಲ್ಲ, ಸಂಖ್ಯೆ ಹಾಕುತ್ತಿದ್ದರು. ಮಾರ್ಚ್ ಒಂದನೇ ತಿಂಗಳು. ಅವರ ‘8ನೇ ತಿಂಗಳು’ ಅಂದರೆ ಅಕ್ಟೋಬರ್, ಆಗಸ್ಟ್ ಅಲ್ಲ. ಇದು ಗೊತ್ತಿಲ್ಲದೆ ಎಷ್ಟೋ ವಂಶವೃಕ್ಷಗಳಲ್ಲಿ ಮಕ್ಕಳು ಎರಡು ತಿಂಗಳು ಮುಂಚೆಯೇ ಹುಟ್ಟಿಬಿಟ್ಟಿದ್ದಾರೆ.

ಇನ್ನು ಸಂಬಂಧಗಳು. ಕನ್ನಡ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಇಲ್ಲದ ಪದಗಳು ನಮ್ಮಲ್ಲಿವೆ. ಯಾಡ್ಕಿನ್ ಕಡೆ ಬ್ರಯಾನ್ ಎಂಬ ದೊಡ್ಡ ಮನೆತನ ಇತ್ತು. 1756ರ ಆಗಸ್ಟ್ 14ರಂದು ಡೇನಿಯಲ್ ಆ ಮನೆಯ ರೆಬೆಕಾಳನ್ನು ಮದುವೆಯಾದ. ಡೇನಿಯಲ್‌ನ ತಮ್ಮ ಎಡ್ವರ್ಡ್, ಮನೆಯಲ್ಲಿ ಕರೆಯುತ್ತಿದ್ದದ್ದು ನೆಡ್ ಎಂದು, ರೆಬೆಕಾಳ ತಂಗಿ ಮಾರ್ಥಾಳನ್ನು ಮದುವೆಯಾದ. ಅಂದರೆ ಡೇನಿಯಲ್ ಮತ್ತು ನೆಡ್ ಅಣ್ಣತಮ್ಮಂದಿರೂ ಹೌದು, ಷಡ್ಡಕರೂ ಹೌದು. ರೆಬೆಕಾ ಮತ್ತು ಮಾರ್ಥಾ ಅಕ್ಕತಂಗಿಯರು, ಜೊತೆಗೆ ವಾರಗಿತ್ತಿಯರು. ಇಷ್ಟಕ್ಕೇ ನಿಲ್ಲಲಿಲ್ಲ. ಡೇನಿಯಲ್‌ನ ತಂಗಿ ಮೇರಿ ಮದುವೆಯಾಗಿದ್ದು ರೆಬೆಕಾಳ ಚಿಕ್ಕಪ್ಪ ವಿಲಿಯಂ ಬ್ರಯಾನ್‌ನನ್ನು. ಹಾಗಾಗಿ ಮೇರಿ ರೆಬೆಕಾಗೆ ನಾದಿನಿ, ಮತ್ತು ಚಿಕ್ಕಮ್ಮ.

ಈ ಎಲ್ಲವನ್ನೂ ಆಗಿನ ಇಂಗ್ಲಿಷ್ ಕಾಗದಗಳು ಎರಡು ಮೂರು ಪದಗಳಲ್ಲಿ ಮುಗಿಸುತ್ತವೆ. ‘ಕಸಿನ್’ ಅಂದರೆ ದೊಡ್ಡಪ್ಪನ ಮಗನೂ ಆಗಬಹುದು, ಅಣ್ಣನ ಮಗನೂ ಆಗಬಹುದು. ‘ಸನ್ ಇನ್ ಲಾ’ ಅಂದರೆ ಅಳಿಯ ಆಗಬೇಕಿಲ್ಲ, ಹೆಂಡತಿಯ ಮೊದಲ ಮದುವೆಯ ಮಗನೂ ಆಗಿರಬಹುದು. ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ತಂದೆ ಮಗ ಎಂದು ತಿಳಿಯಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಹಿರಿಯ, ಕಿರಿಯ ಎಂದು ಗುರುತಿಸಲು ಹಾಗೆ ಬರೆಯುತ್ತಿದ್ದರು, ಅಷ್ಟೇ. ಬೂನ್‌ಗಳಲ್ಲಿ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಡೇನಿಯಲ್‌ಗೆ ಇಸ್ರೇಲ್ ಎಂಬ ಅಣ್ಣನಿದ್ದ, ಅದೇ ಹೆಸರಿನ ಮಗನೂ ಇದ್ದ. ಜೆಸ್ಸಿ ಎಂಬ ಮಗನೂ ಇದ್ದ, ಜೆಸ್ಸಿ ಎಂಬ ಅಣ್ಣನ ಮಗನೂ ಇದ್ದ. ಆ ಅಣ್ಣನ ಮಗ ಬೆಳೆದದ್ದು ಡೇನಿಯಲ್ ಮನೆಯಲ್ಲೇ. ಅಣ್ಣ ಇಸ್ರೇಲ್ ಸತ್ತ ಮೇಲೆ ಆತನ ಇಬ್ಬರು ಗಂಡುಮಕ್ಕಳನ್ನು ಹೊಸದಾಗಿ ಮದುವೆಯಾಗಿದ್ದ ಡೇನಿಯಲ್ ಮತ್ತು ರೆಬೆಕಾ ಸಾಕಿದರು. ರೆಬೆಕಾಗೆ ಆಗ 17 ವರ್ಷ. ಮನೆಯಲ್ಲಿದ್ದ ಮಕ್ಕಳನ್ನೆಲ್ಲ ಹೆತ್ತ ಮಕ್ಕಳು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಕಾಗದ ಎಲ್ಲಿ ಹುಡುಕಬೇಕು ಎನ್ನುವುದು ಇನ್ನೊಂದು ಸಮಸ್ಯೆ. ಮನೆ ಇದ್ದಲ್ಲೇ ಇರುತ್ತದೆ, ಕೌಂಟಿ ಬದಲಾಗುತ್ತದೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಜಿಲ್ಲೆಗಳ ಹಾಗೆ, ಭೂದಾಖಲೆ ಮತ್ತು ಕೋರ್ಟು ಇರುವ ಜಾಗ. ಸ್ಕ್ವೈರ್‌ನ ಸಮಾಧಿ ಈಗ ಡೇವಿ ಕೌಂಟಿಯಲ್ಲಿದೆ. ಆದರೆ ಡೇವಿ ಆದದ್ದೇ 1836ರಲ್ಲಿ. 1753ರಲ್ಲಿ ಆತನಿಗೆ ಸಿಕ್ಕ 640 ಎಕರೆಯ ಕಾಗದ ಹುಡುಕಬೇಕಾದ್ದು ರೋವನ್ ಕೌಂಟಿಯ ಕಡೆ. ಡೇನಿಯಲ್ ಕಟ್ಟಿದ ಬೂನ್ಸ್‌ಬರೋ ಕೋಟೆಯದು ಇನ್ನೂ ವಿಚಿತ್ರ. ಹತ್ತೇ ವರ್ಷದಲ್ಲಿ ಅದು ಫಿನ್‌ಕ್ಯಾಸಲ್, ಕೆಂಟಕಿ, ಲಿಂಕನ್, ಮ್ಯಾಡಿಸನ್ ಎಂಬ ನಾಲ್ಕು ಕೌಂಟಿಗಳನ್ನು ಕಂಡಿತು. ಆಗ ಅವೆಲ್ಲ ವರ್ಜೀನಿಯಾದ ಕೌಂಟಿಗಳು. ಕೆಂಟಕಿ ಬೇರೆ ರಾಜ್ಯವಾದದ್ದು 1792ರಲ್ಲಿ. 1799ರಲ್ಲಿ ಡೇನಿಯಲ್ ಮಿಸೌರಿಗೆ ಹೋದಾಗ ಅದು ಸ್ಪೇನಿನ ಆಡಳಿತದ ನೆಲ, ಕಾಗದಪತ್ರದ ಭಾಷೆಯೂ ಬೇರೆ.

ಜನಗಣತಿ ನೋಡಿದರಾಯಿತಲ್ಲ ಎಂದು ಅನಿಸಬಹುದು. ಅಮೆರಿಕದ ಮೊದಲ ಜನಗಣತಿ 1790ರದ್ದು. ಕೆಂಟಕಿಯ 1790 ಮತ್ತು 1800ರ ಪಟ್ಟಿಗಳು ಉಳಿದಿಲ್ಲ. ಉಳಿದ ಕಡೆಯೂ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಕೋಷ್ಟಕದಲ್ಲಿ ಒಂದು ಗೀಟು. ಮನೆಮಂದಿಯ ಹೆಸರೆಲ್ಲ ಬಂದದ್ದು 1850ರಲ್ಲಿ. ಅಷ್ಟೊತ್ತಿಗೆ ಡೇನಿಯಲ್ ಸತ್ತು 30 ವರ್ಷವಾಗಿತ್ತು. ಹಾಗಾಗಿ ಹುಡುಕುವವರು ಕಂದಾಯ ಪಟ್ಟಿ ಹಿಡಿಯುತ್ತಾರೆ. ಹುಡುಗನೊಬ್ಬನ ಹೆಸರು ಮೊದಲ ಸಲ ತನ್ನದೇ ಆಗಿ ಕಂಡರೆ ಸುಮಾರು 21 ತುಂಬಿತು ಎಂದು ಅಂದಾಜು. ಹುಡುಗಿಯರಿಗೆ ಆ ಭಾಗ್ಯವೂ ಇಲ್ಲ.

ಇದಕ್ಕಿಂತ ಒಳ್ಳೆಯ ಗಣಿ ಜಮೀನಿನ ವ್ಯಾಜ್ಯಗಳು. 1779ರ ವರ್ಜೀನಿಯಾ ಕಾನೂನಿನ ಪ್ರಕಾರ 1778ಕ್ಕೆ ಮೊದಲು ಕೆಂಟಕಿಯಲ್ಲಿ ನೆಲೆಸಿದವರಿಗೆ 400 ಎಕರೆ, ಪಕ್ಕದ 1,000 ಎಕರೆ ಕೊಳ್ಳುವ ಮೊದಲ ಹಕ್ಕು. ಇದನ್ನು ಪಡೆಯಲು ಯಾವಾಗ ಬಂದೆ, ಯಾವ ವರ್ಷ ಮೆಕ್ಕೆಜೋಳ ಬೆಳೆದೆ ಎಂದು ಹೇಳಬೇಕಿತ್ತು. ಸರ್ವೆ ಸರಿ ಇರಲಿಲ್ಲ. ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನ ಜಮೀನು, ಹೆಂಚು ಹೊದಿಸಿದ ಹಾಗೆ. ವರ್ಷಗಟ್ಟಲೆ ಕೇಸು ನಡೆದವು. ಡೇನಿಯಲ್ ಸ್ವತಃ ಸರ್ವೆ ಮಾಡುತ್ತಿದ್ದವನು, ತನ್ನ ಜಮೀನನ್ನೇ ಕಳೆದುಕೊಂಡವನು. ಸಾಕ್ಷಿ ಹೇಳಲು ಬಂದ ಮುದುಕರು ತಮ್ಮ ವಯಸ್ಸು, ಯಾರ ಜೊತೆ ಬಂದೆ, ಆಗ ಯಾರು ಬದುಕಿದ್ದರು ಎಂದೆಲ್ಲ ಪ್ರಮಾಣ ಮಾಡಿ ಹೇಳಿದ್ದಾರೆ. ಬೂನ್‌ನ ಕಾಗುಣಿತ ಕೆಟ್ಟದಾಗಿತ್ತು, ಆದರೆ ಸಹಿ ಹಾಕುವಾಗ Boone ಎಂಬ ಹೆಸರಿನ ಕೊನೆಯ ‘ಇ’ (e) ಅಕ್ಷರವನ್ನು ಬಿಡುತ್ತಿರಲಿಲ್ಲ. 1760ರಲ್ಲಿ ಇಲ್ಲಿ ಕರಡಿ ಕೊಂದೆ ಎಂದು ಟೆನೆಸ್ಸಿಯ ಮರವೊಂದರ ಮೇಲಿದ್ದ ಪ್ರಸಿದ್ಧ ಕೆತ್ತನೆಯಲ್ಲಿ ಆ ಅಕ್ಷರ ಇಲ್ಲ. ಅನುಮಾನಕ್ಕೆ ಅದೊಂದು ಒಳ್ಳೆಯ ಕಾರಣ.

ಡೇನಿಯಲ್ ಮತ್ತು ರೆಬೆಕಾಗೆ ಹತ್ತು ಮಕ್ಕಳು. ಮೊದಲನೆಯವನು ಜೇಮ್ಸ್, 1757. ಕೊನೆಯವನು ನೇಥನ್, 1781. ನಡುವೆ 24 ವರ್ಷ. ವಿಲಿಯಂ ಎಂಬ ಕೂಸು 1775ರಲ್ಲಿ ಹುಟ್ಟಿ ಅದೇ ವರ್ಷ ಹೋಯಿತು. ಮಗ ಇಸ್ರೇಲ್ 23ನೇ ವಯಸ್ಸಿನಲ್ಲಿ, 1782ರ ಆಗಸ್ಟ್ 19ರಂದು ಕೆಂಟಕಿಯ ಬ್ಲೂ ಲಿಕ್ಸ್ ಕಾಳಗದಲ್ಲಿ ತಂದೆಯ ಕಣ್ಣೆದುರೇ ಸತ್ತ. ಅದಕ್ಕೂ ಎರಡು ವರ್ಷ ಮೊದಲು ನೆಡ್ ಬೇಟೆಗೆ ಹೋದಾಗ ಷಾನಿ ಎಂಬ ಮೂಲನಿವಾಸಿ ಬುಡಕಟ್ಟಿನವರ ಕೈಯಲ್ಲಿ ಸತ್ತಿದ್ದ.

ಆ ನೆಡ್‌ನ ಹೆಸರು ಸುತ್ತಿಕೊಂಡಿರುವ ಒಂದು ಕಥೆ ಇದೆ. ಡೇನಿಯಲ್ ತುಂಬಾ ದಿನ ಮನೆಯಲ್ಲಿಲ್ಲದಾಗ ರೆಬೆಕಾಗೆ ನೆಡ್‌ನಿಂದ ಮಗುವಾಯಿತು, 1762ರಲ್ಲಿ ಹುಟ್ಟಿದ ಜೆಮೈಮಾ ಆ ಮಗು, ಡೇನಿಯಲ್ ವಾಪಸು ಬಂದು ಕೋಪವಿಲ್ಲದೆ ಅವಳನ್ನು ತನ್ನವಳೆಂದೇ ಎತ್ತಿಕೊಂಡ ಎಂಬ ಕಥೆ. ಇದನ್ನು ವಂಶವೃಕ್ಷದಲ್ಲಿ ಹೇಗೆ ಬರೆಯಬೇಕು? ಮೊದಲು ಹೇಳಿದವರು ಯಾರು ಎಂದು ನೋಡಬೇಕು. ದಶಕಗಳ ನಂತರ ಮುದುಕರು ಹೇಳಿದ್ದು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ, ಯಾವ ಮಗು ಎನ್ನುವುದೂ ಬದಲಾಗುತ್ತದೆ. ಆ ಕಾಲದ ಒಂದು ಕಾಗದವೂ ಇದನ್ನು ಹೇಳುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿದರೆ? ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮ್ ಮಗಳಲ್ಲಿ ಇರುವುದಿಲ್ಲ. ಮಗನೇ ಆಗಿದ್ದರೂ ಡೇನಿಯಲ್, ನೆಡ್ ಇಬ್ಬರದೂ ಒಂದೇ. ಷಡ್ಡಕರಾದ ಅಣ್ಣತಮ್ಮಂದಿರ ಮಕ್ಕಳ ನಡುವೆ ಸರಾಸರಿ ಕಾಲು ಭಾಗ ಡಿಎನ್‌ಎ ಒಂದೇ ಇರುತ್ತದೆ, ಒಂದೇ ತಂದೆಯ ಬೇರೆ ತಾಯಿಯ ಮಕ್ಕಳಷ್ಟು. ಏಳೆಂಟು ತಲೆಮಾರು ಕಳೆದ ಮೇಲೆ ಆ ಗಂಟು ಬಿಡಿಸುವುದು ಆಗದ ಮಾತು. ಹಾಗಾಗಿ ಜೆಮೈಮಾ ಡೇನಿಯಲ್‌ನ ಮಗಳು ಎಂದೇ ಬರೆಯಬೇಕು, ಕಥೆಯನ್ನು ಕಥೆ ಎಂದು ಪಕ್ಕದಲ್ಲಿ ಬರೆಯಬೇಕು.

ಜೆಮೈಮಾಳ ಬದುಕೂ ಒಂದು ಸಾಕ್ಷಿ. 1776ರ ಜುಲೈ 14ರಂದು ಅವಳನ್ನೂ ಇನ್ನಿಬ್ಬರು ಹುಡುಗಿಯರನ್ನೂ ಬೂನ್ಸ್‌ಬರೋ ಹತ್ತಿರ ದೋಣಿಯಿಂದ ಮೂಲನಿವಾಸಿಗಳು ಹೊತ್ತೊಯ್ದಾಗ ಡೇನಿಯಲ್ ಜಾಡು ಹಿಡಿದು ಹೋಗಿ ಎರಡು ದಿನದಲ್ಲಿ ಬಿಡಿಸಿ ತಂದ. 1778ರಲ್ಲಿ ಡೇನಿಯಲ್ ಷಾನಿಯರಿಗೆ ಸೆರೆಸಿಕ್ಕಿದಾಗ, ಸತ್ತೇ ಹೋದ ಎಂದು ರೆಬೆಕಾ ಉಳಿದ ಮಕ್ಕಳನ್ನು ಕರೆದುಕೊಂಡು ತವರಿನ ಕಡೆ ಹೋದಳು. ಮದುವೆಯಾಗಿದ್ದ ಜೆಮೈಮಾ ಕೋಟೆಯಲ್ಲೇ ಉಳಿದಳು. ಆತ ತಪ್ಪಿಸಿಕೊಂಡು ಬಂದಾಗ ಎದುರಾದ ಮಗಳು ಅವಳೇ. ಸೆರೆಯಲ್ಲಿದ್ದ ನಾಲ್ಕು ತಿಂಗಳಲ್ಲಿ ಆತನಿಗೆ ಇನ್ನೊಂದು ಮನೆಯೂ ಆಗಿತ್ತು. ಷಾನಿ ಮುಖಂಡ ಬ್ಲ್ಯಾಕ್‌ಫಿಶ್ ಆತನನ್ನು ಮಗನಾಗಿ ತೆಗೆದುಕೊಂಡು ಷೆಲ್ಟೊವಿ, ಅಂದರೆ ದೊಡ್ಡ ಆಮೆ, ಎಂದು ಹೆಸರಿಟ್ಟಿದ್ದ. ಷಾನಿಯರ ಲೆಕ್ಕದಲ್ಲಿ ಅದು ನಿಜವಾದ ಸಂಬಂಧ. ವಂಶವೃಕ್ಷಗಳಲ್ಲಿ ಅದಕ್ಕೆ ಗೆರೆ ಎಳೆದದ್ದು ಕಡಿಮೆ.

ಇಷ್ಟೆಲ್ಲ ನಮಗೆ ತಿಳಿದದ್ದಕ್ಕೆ ಒಬ್ಬ ಮನುಷ್ಯನಿಗೆ ಋಣ ಹೇಳಬೇಕು. ಲೈಮನ್ ಡ್ರೇಪರ್ ಎಂಬಾತ 1851ರಲ್ಲಿ ಮಿಸೌರಿಗೆ ಹೋಗಿ 70 ವರ್ಷದ ನೇಥನ್ ಬೂನ್ ಮತ್ತು ಹೆಂಡತಿ ಆಲಿವ್ ಎದುರು ಕೂತು, ಕೇಳಿ ಕೇಳಿ ಬರೆದುಕೊಂಡ. ಸೊಸೆಯ ನೆನಪಿಗೂ ಮಗನ ನೆನಪಿನಷ್ಟೇ ಬೆಲೆ ಕೊಟ್ಟ. ಆ ದಂಪತಿಗೇ 14 ಮಕ್ಕಳು. ಡ್ರೇಪರ್ ಜೀವನಪೂರ್ತಿ ಕೂಡಿಸಿದ ಕಾಗದಗಳು ಸುಮಾರು ಐನೂರು ಸಂಪುಟವಾಗಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿವೆ.

ಅಬ್ರಹಾಂ ಲಿಂಕನ್ ಬೂನ್‌ಗಳ ಸಂಬಂಧಿ ಎನ್ನುವ ಮಾತನ್ನೂ ಕೇಳಿರುತ್ತೀರಿ. ನಿಜ, ಆದರೆ ರಕ್ತಸಂಬಂಧ ಅಲ್ಲ. ಡೇನಿಯಲ್‌ನ ಚಿಕ್ಕಪ್ಪನ ಮಗಳು ಆನ್ 1760ರಲ್ಲಿ ಅಬ್ರಹಾಂ ಲಿಂಕನ್ ಎಂಬವನನ್ನು ಮದುವೆಯಾದಳು. ಆತ ಅಧ್ಯಕ್ಷ ಲಿಂಕನ್‌ನ ಮುತ್ತಜ್ಜನ ಮಲತಮ್ಮ.

ರೆಬೆಕಾ 1813ರಲ್ಲಿ, ಡೇನಿಯಲ್ 1820ರ ಸೆಪ್ಟೆಂಬರ್ 26ರಂದು ಮಿಸೌರಿಯಲ್ಲಿ ತೀರಿಕೊಂಡರು. ಮಾರ್ಥಾಸ್‌ವಿಲ್ ಹತ್ತಿರ ಅಕ್ಕಪಕ್ಕ ಹೂಳಿದರು. 1845ರಲ್ಲಿ ಕೆಂಟಕಿಯವರು ಬಂದು ಅಗೆದು, ಮೂಳೆಗಳನ್ನು ತಮ್ಮ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಒಯ್ದು ಮತ್ತೆ ಸಮಾಧಿ ಮಾಡಿದರು. ಒಯ್ದದ್ದು ಬೇರೆ ಯಾರದೋ ಮೂಳೆ ಎಂದು ಮಿಸೌರಿಯ ಜನ ಇವತ್ತಿಗೂ ಹೇಳುತ್ತಾರೆ. ಆಗ ತೆಗೆದಿದ್ದ ತಲೆಬುರುಡೆಯ ಅಚ್ಚನ್ನು 1983ರಲ್ಲಿ ನೋಡಿದ ತಜ್ಞರೊಬ್ಬರು, ಇದು ಆಫ್ರಿಕಾ ಮೂಲದವರದ್ದಿರಬಹುದು ಎಂದರು. ಬೇರೆಯವರು ಅದನ್ನು ಒಪ್ಪಲಿಲ್ಲ. ಆ ಮಿಸೌರಿ ಸ್ಮಶಾನದಲ್ಲಿ ಗುಲಾಮರನ್ನೂ ಹೂಳಿದ್ದರು ಎನ್ನುವುದಂತೂ ಗೊತ್ತಿರುವ ವಿಷಯ.

ಬೂನ್‌ಗಳು ಗುಲಾಮರನ್ನು ಇಟ್ಟುಕೊಂಡಿದ್ದರು. 1787ರಲ್ಲಿ ಡೇನಿಯಲ್ ಒಬ್ಬನ ಹೆಸರಿನಲ್ಲೇ ಏಳು ಜನ. 1773ರ ಅಕ್ಟೋಬರ್ 10ರಂದು ಹಿರಿಮಗ ಜೇಮ್ಸ್‌ನನ್ನು ವರ್ಜೀನಿಯಾದ ಕಾಡಿನಲ್ಲಿ ಕೊಂದಾಗ ಅವನಿಗೆ 16 ವರ್ಷ. ಅವನು ಹೇಗೆ ಸತ್ತ ಎಂದು ನಮಗೆ ತಿಳಿದದ್ದು ಆಡಮ್‌ನಿಂದ. ಆ ಗುಂಪಿನಲ್ಲಿದ್ದ ಗುಲಾಮ ಆಡಮ್ ಹೊಳೆದಂಡೆಯಲ್ಲಿ ಅಡಗಿ ಎಲ್ಲವನ್ನೂ ನೋಡಿದ್ದ. ಬೂನ್ ಮನೆತನದ ಇತಿಹಾಸದಲ್ಲಿ ಅಷ್ಟು ಮುಖ್ಯವಾದ ಸಾಕ್ಷಿ, ಆದರೆ ಅವನ ಹೆಸರಿನ ಮುಂದೆ ಅಡ್ಡಹೆಸರಿಲ್ಲ.

ಇಂಥವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ತಮ್ಮ ಹಿರಿಯರನ್ನು ಹುಡುಕಲು ಹೊರಟರೆ 1870ರ ಜನಗಣತಿಯವರೆಗೆ ಹೋಗುವುದು ಸುಲಭ. ಬಿಡುಗಡೆಯಾದ ಎಲ್ಲರ ಪೂರ್ತಿ ಹೆಸರು ಮೊದಲು ಬಂದದ್ದು ಅದರಲ್ಲಿ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಮಾಲೀಕರ ಕಾಗದಗಳನ್ನೇ ತೆರೆಯಬೇಕು. ಉಯಿಲು, ಕಂದಾಯ ಪಟ್ಟಿ, ಕ್ರಯಪತ್ರ, ಸತ್ತವರ ಆಸ್ತಿಯ ಪಟ್ಟಿ. ಕುದುರೆ, ಹಾಸಿಗೆ, ನೇಗಿಲುಗಳ ನಡುವೆ ಒಂದು ಹೆಸರು, ಪಕ್ಕದಲ್ಲಿ ಬೆಲೆ. ಬೂನ್, ಬ್ರಯಾನ್, ಜೆಮೈಮಾಳ ಗಂಡನ ಕಡೆಯ ಕ್ಯಾಲವೇ ಮನೆತನಗಳ ಹಳೇ ಕಾಗದಗಳನ್ನು ಹಾಳೆ ಹಾಳೆಯಾಗಿ ತಿರುವಿ ನೋಡಬೇಕಾದವರಲ್ಲಿ ಅವರೂ ಇದ್ದಾರೆ.